ಮೂರು ಗಂಟೆಯ ನಿದ್ದೆ, ಎಂಟು ಗಂಟೆಯ ಲೆಕ್ಕ

ಚಾಮರಾಜನಗರ ಜಿಲ್ಲೆಯ ರಾಮಾಪುರದ ಕಡೆ ರಾತ್ರಿ ಎಚ್ಚರವಾಗಿರುವುದಕ್ಕೆ ಕಾರಣಗಳಿಗೆ ಬರವಿಲ್ಲ. ಮುಸುಕಿನ ಜೋಳ ತೆನೆ ಕಟ್ಟಿತೆಂದರೆ ಆನೆ, ಕಾಡುಹಂದಿ ಕಾಯಲು ಅಟ್ಟಣೆ ಹತ್ತಬೇಕು. ತ್ರೀ ಫೇಸ್ ಕರೆಂಟಿನ ಪಾಳಿ ನಡುರಾತ್ರಿಗೆ ಬಿದ್ದರೆ ಟಾರ್ಚು ಹಿಡಿದು ಪಂಪ್‌ಸೆಟ್ಟಿನ ಕಡೆ ನಡೆಯಬೇಕು. ರೇಷ್ಮೆ ಹುಳು ನಾಲ್ಕನೇ ಜ್ವರದಿಂದ ಎದ್ದ ಮೇಲೆ ಹೊತ್ತುಗೊತ್ತಿಲ್ಲದೆ ಸೊಪ್ಪು ಕೇಳುತ್ತದೆ. ಶಿವರಾತ್ರಿ, ಯುಗಾದಿ, ದೀಪಾವಳಿ ಬಂತೆಂದರೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರ ಉಘೇ ಕೌದಳ್ಳಿ ರಸ್ತೆಯಲ್ಲಿ ಇರುಳೆಲ್ಲ ಕೇಳುತ್ತದೆ. 1992ರಲ್ಲಿ ವೀರಪ್ಪನ್ ತಂಡ ಇಲ್ಲಿನ ಪೊಲೀಸ್ ಠಾಣೆಗೇ ನುಗ್ಗಿ ಪೊಲೀಸರನ್ನು ಕೊಂದುಹಾಕಿತು. ಆಮೇಲೆ ಕತ್ತಲಾದರೆ ಬಾಗಿಲು ಹಾಕಿಕೊಂಡು, ಕಿವಿ ತೆರೆದುಕೊಂಡೇ ಮಲಗಿದ ವರ್ಷಗಳನ್ನು ಐವತ್ತು ದಾಟಿದವರು ಇನ್ನೂ ಮರೆತಿಲ್ಲ.

ಇವೆಲ್ಲ ಹೊರಗಿನ ಕಾರಣಗಳು. ಬೆಳೆ ಮನೆಗೆ ಬಂದರೆ, ಗೂಡು ಮಾರ್ಕೆಟ್ಟಿಗೆ ಹೋದರೆ, ಬಾಕಿ ಉಳಿದ ನಿದ್ದೆ ತಾನಾಗಿ ಬರುತ್ತದೆ. ನಾನು ಹೇಳಹೊರಟಿರುವುದು ಇನ್ನೊಂದು ತರದ ಎಚ್ಚರದ ಬಗ್ಗೆ. ಕಾಯುವ ಕೆಲಸವಿಲ್ಲ, ಹಾಸಿಗೆಯಿದೆ, ಹೊತ್ತಿದೆ, ನಿದ್ದೆ ಮಾತ್ರ ಇಲ್ಲ. "ಮೂರ್ ಗಂಟ್ಗ ಎಚ್ರ ಆದ್ರ ಆಯ್ತು ಕನಪ್ಪ, ಆಮೇಲ ಬೆಳಗಾನ ಹೊಳ್ಳಾಡದೇಯ" ಎನ್ನುವ ಮಾತು ಈ ಸೀಮೆಯ ಯಾವ ಊರಿನಲ್ಲಾದರೂ ಕೇಳಸಿಗುತ್ತದೆ. ವಯಸ್ಸಾಯಿತು, ಮಗನ ಸಾಲದ ಯೋಚನೆ, ಶುಗರ್ ಇದೆ ಎಂದು ಕಾರಣವನ್ನೂ ಅವರೇ ಹೇಳಿಬಿಡುತ್ತಾರೆ. ಡಾಕ್ಟರು ಹೂಂ ಎಂದು ಒಂದು ಮಾತ್ರೆ ಬರೆಯುತ್ತಾರೆ. ಗೊರಕೆ ಹೊಡೆಯುತ್ತೀರಾ ಎಂದು ಕೇಳುವವರು ಕಡಿಮೆ.

ಕೇಳದಿರುವುದಕ್ಕೂ ಕಾರಣವಿದೆ. ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ, ಸ್ಲೀಪ್ ಅಪ್ನಿಯಾ, ಎಂದ ಕೂಡಲೇ ಕಣ್ಣಿಗೆ ಬರುವುದು ಬಸ್ಸು ಹೊರಡುವ ಮೊದಲೇ ಕಿಟಕಿಗೆ ತಲೆ ಆನಿಸಿ ಗೊರಕೆ ಶುರುಮಾಡುವ ದಪ್ಪ ಕತ್ತಿನ ಗಂಡಸು. ನಿದ್ದೆ ಬರದವರು ಎಂದರೆ ಅವನಿಗೆ ತದ್ವಿರುದ್ಧವಾದ, ಸೊರಗಿದ, ಚಿಂತೆಯ ಜೀವ. ನಿದ್ದೆ ಹೆಚ್ಚಾದವನ ರೋಗ ನಿದ್ದೆಯೇ ಇಲ್ಲದವಳಿಗೆ ಹೇಗೆ ಬಂದೀತು? ಬರುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕ್ರಿಸ್ಚಿಯನ್ ಗಿಯ್ಯೆಮಿನೊ, ಎಲ್ಡ್ರಿಜ್ ಮತ್ತು ವಿಲಿಯಂ ಡಿಮೆಂಟ್ 1973ರಲ್ಲೇ 'ಸೈನ್ಸ್' ಪತ್ರಿಕೆಯಲ್ಲಿ ಇವೆರಡೂ ಜೊತೆಗಿರುವ ರೋಗಿಗಳ ಬಗ್ಗೆ ಬರೆದು, ಇದೊಂದು ಹೊಸ ಕಾಯಿಲೆ ಎಂದು ಸಾರಿದ್ದರು. ಆಮೇಲಿನ ದಶಕಗಳಲ್ಲಿ ಅಪ್ನಿಯಾ ತೂಕಡಿಸುವವರ ರೋಗವಾಗಿ ಶ್ವಾಸಕೋಶದ ಡಾಕ್ಟರ ಕೈಗೆ ಹೋಯಿತು, ನಿದ್ರಾಹೀನತೆ ಮನೋವೈದ್ಯರ ಕೈಯಲ್ಲೇ ಉಳಿಯಿತು. ಮತ್ತೆ ಎರಡನ್ನೂ ಒಟ್ಟಿಗೆ ನೋಡುವ ಹೊತ್ತಿಗೆ ಈ ಶತಮಾನ ಶುರುವಾಗಿತ್ತು. ಈಗ ಇದಕ್ಕೆ 'ಕೊಮೀಸಾ' ಎಂಬ ಚುಟುಕು ಹೆಸರೂ ಇದೆ. ನಿದ್ದೆ ಬರುವುದಿಲ್ಲವೆಂದು ಬರುವವರನ್ನು ಪರೀಕ್ಷಿಸಿದರೆ ಹತ್ತರಲ್ಲಿ ಮೂರು ನಾಲ್ಕು ಜನರಲ್ಲಿ ಅಪ್ನಿಯಾ ಕಾಣುತ್ತದೆ ಎನ್ನುತ್ತವೆ ಇದುವರೆಗಿನ ಅಧ್ಯಯನಗಳು.

ನಮ್ಮ ದೇಶದ ಲೆಕ್ಕವನ್ನು ದೆಹಲಿಯ ಏಮ್ಸ್ ತಜ್ಞರು 2023ರಲ್ಲಿ ಒಟ್ಟುಗೂಡಿಸಿದ್ದಾರೆ. ವಯಸ್ಕರಲ್ಲಿ ನೂರಕ್ಕೆ 11 ಮಂದಿಗೆ ಉಸಿರು ಕಟ್ಟುವ ಈ ತೊಂದರೆ ಇದೆ. ಗಂಡಸರಲ್ಲಿ 13, ಹೆಂಗಸರಲ್ಲಿ 5. ಹೆಂಗಸರ ಆ ಅಂಕಿಯ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ಅಪ್ನಿಯಾ ಇರುವ ಹೆಂಗಸರು ಡಾಕ್ಟರ ಮುಂದೆ ಗೊರಕೆಯ ಮಾತೆತ್ತುವುದಕ್ಕಿಂತ ನಿದ್ದೆ ಬರಲ್ಲ, ಸುಸ್ತು, ಬೆಳಿಗ್ಗೆ ಎದ್ದರೆ ತಲೆನೋವು ಎನ್ನುವುದೇ ಹೆಚ್ಚು. ಮನೆಯ ಹೆಂಗಸು ಗೊರಕೆ ಹೊಡೆಯುತ್ತಾಳೆ ಎಂದು ಹೇಳಲು ಮನೆಯವರಿಗೂ ಮುಜುಗರ. ಹೀಗೆ ಅವರು ಬೇರೆ ಸಾಲಿನಲ್ಲಿ ನಿಂತು ಬೇರೆ ಮಾತ್ರೆ ತೆಗೆದುಕೊಂಡು ಮನೆಗೆ ಹೋಗುತ್ತಾರೆ.

ಒಳಗೆ ನಡೆಯುವುದು ಇಷ್ಟು. ನಿದ್ದೆ ಹತ್ತಿದಾಗ ಗಂಟಲಿನ ಸ್ನಾಯುಗಳು ಸಡಿಲಾಗುತ್ತವೆ, ನಾಲಿಗೆ ಹಿಂದಕ್ಕೆ ಜಾರುತ್ತದೆ. ಕೆಲವರಲ್ಲಿ ಉಸಿರಿನ ದಾರಿ ಕಿರಿದಾಗಿ ಗೊರಕೆಯಾಗುತ್ತದೆ, ಇನ್ನು ಕೆಲವರಲ್ಲಿ ಪೂರ್ತಿ ಮುಚ್ಚಿಹೋಗುತ್ತದೆ. ಎದೆ ಎಳೆಯುತ್ತಿರುತ್ತದೆ, ಗಾಳಿ ಒಳಗೆ ಹೋಗುತ್ತಿರುವುದಿಲ್ಲ. ಹತ್ತು ಸೆಕೆಂಡು ದಾಟಿದರೆ ಅದನ್ನು ಒಂದು ಅಪ್ನಿಯಾ ಎಂದು ಎಣಿಸುತ್ತಾರೆ. ರಕ್ತದಲ್ಲಿ ಆಮ್ಲಜನಕ ಇಳಿದು ಮಿದುಳು ಗಾಬರಿಬಿದ್ದು ಎಬ್ಬಿಸುತ್ತದೆ. ಗೊರ್ ಎಂದು ಒಂದು ಉಸಿರು ಎಳೆದುಕೊಂಡು ಮತ್ತೆ ನಿದ್ದೆ. ಮಾಮೂಲಿ ಅಪ್ನಿಯಾ ರೋಗಿಗೆ ಈ ಎಚ್ಚರಗಳು ನೆನಪಿರುವುದಿಲ್ಲ. ನಿದ್ದೆಯೇ ತೆಳುವಾಗಿರುವವರಿಗೆ ಹಾಗಲ್ಲ, ಎಚ್ಚರವಾದದ್ದು ಪೂರ್ತಿಯೇ ಆಗಿಬಿಡುತ್ತದೆ. ಗಡಿಯಾರ ನೋಡುತ್ತಾರೆ, ನಾಳೆಯ ಕೆಲಸ ನೆನಪಾಗುತ್ತದೆ, ಸಾಲ ನೆನಪಾಗುತ್ತದೆ. ಬೆಳಿಗ್ಗೆ ಡಾಕ್ಟರಿಗೆ ಹೇಳುವಾಗ ಸಾಲವೇ ಎಬ್ಬಿಸಿದ್ದು ಎಂದಾಗುತ್ತದೆ.

ಮೂರು ಗಂಟೆಯೇ ಏಕೆ? ಕನಸಿನ ನಿದ್ದೆ ರಾತ್ರಿಯ ಕೊನೆಯ ಭಾಗದಲ್ಲಿ ಹೆಚ್ಚು. ಆಗ ಸ್ನಾಯುಗಳು ಇನ್ನಷ್ಟು ಸಡಿಲ, ಹಾಗಾಗಿ ಉಸಿರು ಕಟ್ಟುವುದೂ ಹೆಚ್ಚು. ಇನ್ನೊಂದು ಗುರುತು, ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುವುದು. ಮುಚ್ಚಿದ ಗಂಟಲಿನ ವಿರುದ್ಧ ಎದೆ ಎಳೆದಾಗ ಹೃದಯದ ಮೇಲಿನ ಕೋಣೆಗಳು ಹಿಗ್ಗುತ್ತವೆ. ಮೈಯಲ್ಲಿ ನೀರು ಹೆಚ್ಚಾಯಿತೆಂದು ತಪ್ಪು ತಿಳಿದು ಅವು ಒಂದು ಹಾರ್ಮೋನು ಬಿಡುತ್ತವೆ, ಮೂತ್ರಪಿಂಡ ಅದರ ಮಾತು ಕೇಳುತ್ತದೆ. ಹಳ್ಳಿಯಲ್ಲಿ ಇದರ ತಪ್ಪನ್ನೆಲ್ಲ ಶುಗರ್ ಅಥವಾ ಪ್ರಾಸ್ಟೇಟ್ ಹೊತ್ತುಕೊಳ್ಳುತ್ತದೆ. ಅವೂ ಇರಬಹುದು, ಇಲ್ಲವೆನ್ನುತ್ತಿಲ್ಲ.

ಅಮೆರಿಕದ ಬ್ಯಾರಿ ಕ್ರ್ಯಾಕೋ ಎಂಬ ವೈದ್ಯರ ತಂಡ 2012ರಲ್ಲಿ ಒಂದು ಸಣ್ಣ ಆದರೆ ಮನಸ್ಸು ಕದಡುವ ವರದಿ ಪ್ರಕಟಿಸಿತು. ಬಹುಕಾಲದಿಂದ ನಿದ್ದೆಯಿಲ್ಲದ 20 ಜನರನ್ನು ಲ್ಯಾಬಿನಲ್ಲಿ ಮಲಗಿಸಿ ಅವರ 531 ಎಚ್ಚರಗಳನ್ನು ಒಂದೊಂದಾಗಿ ನೋಡಿದರು. 478 ಎಚ್ಚರಗಳಿಗೆ ಮುಂಚೆ ಉಸಿರಿನ ಯಾವುದೋ ತೊಡಕು ದಾಖಲಾಗಿತ್ತು. ಇಪ್ಪತ್ತೇ ಜನ, ಅದೂ ಒಂದೇ ಕ್ಲಿನಿಕ್ಕಿಗೆ ಬಂದವರು, ಲೋಕಕ್ಕೆಲ್ಲ ಅನ್ವಯಿಸಲಾಗದು. ಆದರೂ ನಿದ್ದೆ ಮಾತ್ರೆಯ ಚೀಟಿ ಬರೆಯುವ ಕೈ ಒಂದು ಕ್ಷಣ ತಡೆಯಲು ಅಷ್ಟು ಸಾಕು.

ಮಾತ್ರೆಯ ವಿಷಯ ಬಂತಲ್ಲ. ಆಲ್ಪ್ರಜೋಲಾಮ್, ಡಯಾಜೆಪಾಮ್ ಮೊದಲಾದವನ್ನು ಕೇಂದ್ರ ಸರ್ಕಾರ 2013ರಲ್ಲೇ 'ಎಚ್1' ಪಟ್ಟಿಗೆ ಸೇರಿಸಿತು. ಚೀಟಿಯಿಲ್ಲದೆ ಕೊಡುವಂತಿಲ್ಲ, ಕೊಟ್ಟದ್ದನ್ನು ಅಂಗಡಿಯವರು ಪುಸ್ತಕದಲ್ಲಿ ಬರೆದಿಡಬೇಕು. ಈ ಗುಂಪಿನ ಮಾತ್ರೆಗಳು ಗಂಟಲಿನ ಸ್ನಾಯುವನ್ನೂ ಸಡಿಲಿಸುತ್ತವೆ, ಉಸಿರು ಕಟ್ಟಿದಾಗ ಎಬ್ಬಿಸುವ ಮಿದುಳಿನ ಗಾಬರಿಯನ್ನೂ ಮಂಕಾಗಿಸುತ್ತವೆ. ಎಲ್ಲ ನಿದ್ದೆ ಮಾತ್ರೆಯೂ ಹೀಗಲ್ಲ, ಎಲ್ಲರಿಗೂ ಹೀಗಾಗುವುದಿಲ್ಲ. ಸಂಜೆಯ ಕ್ವಾರ್ಟರ್ ಮಾತ್ರ ಯಾರ ಗಂಟಲಿಗೂ ರಿಯಾಯಿತಿ ಕೊಡುವುದಿಲ್ಲ.

ಹಾಗಾದರೆ ಪತ್ತೆ ಹೇಗೆ? ಪೂರ್ಣ ಪರೀಕ್ಷೆಗೆ ಪಾಲಿಸೋಮ್ನೋಗ್ರಫಿ ಎನ್ನುತ್ತಾರೆ. ತಲೆ, ಕಣ್ಣಂಚು, ಗಲ್ಲ, ಕಾಲು ಎಲ್ಲಕ್ಕೂ ತಂತಿ ಅಂಟಿಸಿ, ಒಬ್ಬ ಟೆಕ್ನೀಷಿಯನ್ ಇರುಳೆಲ್ಲ ಪರದೆ ನೋಡುತ್ತಾ ಕೂರುವ ಪರೀಕ್ಷೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಿದ್ದೆಯ ಸಂಶೋಧನೆಗೆ ಹಳೆಯ ಹೆಸರಿದೆ. ವಿಪಸ್ಸನ ಧ್ಯಾನ ಮಾಡುವವರ ನಿದ್ದೆ ಹೇಗಿರುತ್ತದೆ ಎಂದು ಅಳೆದು ನೋಡಿದವರು ಅಲ್ಲಿಯವರು. ರಾಮಾಪುರದಿಂದ ಕೊಳ್ಳೇಗಾಲ ದಾಟಿ ಮೈಸೂರಿಗೇ ನೂರು ಕಿಲೋಮೀಟರ್ ಆಸುಪಾಸು, ಬೆಂಗಳೂರು ಇನ್ನೂ ದೂರ. ದನ ಕಟ್ಟಿದವರು, ಹುಳು ಮೇಯಿಸುವವರು ಒಂದು ರಾತ್ರಿ ಮಲಗಿ ಬರಲು ಎರಡು ದಿನದ ಕೂಲಿ, ಬಸ್ ಚಾರ್ಜು, ಜೊತೆಗೊಬ್ಬರು ಎಲ್ಲ ಹೊಂದಿಸಬೇಕು. ಮನೆಯಲ್ಲೇ ಬಾರದ ನಿದ್ದೆ ತಲೆತುಂಬ ತಂತಿ ಅಂಟಿಸಿಕೊಂಡು ಪರಸ್ಥಳದಲ್ಲಿ ಬರುತ್ತದೆಯೇ ಎಂಬ ಪ್ರಶ್ನೆ ಬೇರೆ.

ಮನೆ ಪರೀಕ್ಷೆಯ ಆಕರ್ಷಣೆ ಇಲ್ಲಿದೆ. ಒಂದು ತರದ ಕಿಟ್‌ನಲ್ಲಿ ಎದೆಗೆ ಬೆಲ್ಟು, ಮೂಗಿಗೆ ಸಣ್ಣ ಕೊಳವೆ, ಬೆರಳಿಗೆ ಕ್ಲಿಪ್ಪು. ಇನ್ನೊಂದು ಇನ್ನೂ ಹಗುರ: ಇಸ್ರೇಲಿನಲ್ಲಿ ಹುಟ್ಟಿದ 'ವಾಚ್‌ಪ್ಯಾಟ್'ನಂಥದ್ದು, ಮಣಿಕಟ್ಟಿಗೆ ವಾಚಿನಂಥ ಡಬ್ಬಿ, ಬೆರಳಿಗೊಂದು ಟೊಪ್ಪಿ. ಉಸಿರು ಕಟ್ಟಿ ಎಚ್ಚರವಾದಾಗಲೆಲ್ಲ ಬೆರಳ ತುದಿಯ ರಕ್ತನಾಳ ಬಿಗಿಯುತ್ತದೆ, ನಾಡಿ ಜೋರಾಗುತ್ತದೆ. ಮೂಗಿನ ಗಾಳಿಯನ್ನು ಅಳೆಯದೆಯೇ ಈ ಬಿಗಿತದಿಂದ ಉಸಿರಿನ ಕತೆ ಊಹಿಸುವ ಉಪಾಯ ಅದು. ಆಸ್ಪತ್ರೆಯವರು ಕಿಟ್ ಕೊಟ್ಟು ಕಳಿಸುತ್ತಾರೆ, ಅಥವಾ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ತಂದುಕೊಡುತ್ತಾನೆ.

ಕೌದಳ್ಳಿ ರಸ್ತೆಯ ಕಡೆಯ ಒಂದು ಮನೆ, ಐವತ್ತೈದರ ಒಬ್ಬ ಅವ್ವ ಎಂದು ಊಹಿಸಿಕೊಳ್ಳೋಣ. ರಾತ್ರಿ ಒಂಬತ್ತೂವರೆಗೆ ಮಗ ಬಳೆ ಸರಿಸಿ ಡಬ್ಬಿ ಕಟ್ಟುತ್ತಾನೆ. ಕಳೆ ಕಿತ್ತು ಒಡೆದ ಬೆರಳು, ಉಗುರಿನ ಮೇಲೆ ಮೊಮ್ಮಗಳು ಹಚ್ಚಿದ ನೈಲ್ ಪಾಲಿಶ್. ಅದನ್ನು ಅಳಿಸಬೇಕು, ಗಾಢ ಬಣ್ಣವಿದ್ದರೆ ಬೆಳಕು ಸರಿಯಾಗಿ ದಾಟದೆ ಆಮ್ಲಜನಕದ ಅಂಕಿ ಹಾಳಾಗುತ್ತದೆ. ಶೀಟಿನ ಮನೆಯ ಸೆಕೆ, ಬೆವರಿಗೆ ಟೇಪು ನಿಲ್ಲುವುದಿಲ್ಲ. "ಇದ್ನ ಕಟ್ಕಂಡು ಹೊರಕ್ಕ ಹೋಗ್ಬೋದಾ ಮಗಾ?" "ಹೋಗವ್ವ, ಬೆರಳಿಂದ ಕಿತ್ಕಬೇಡ ಅಷ್ಟೇಯ." ಅವ್ವ ಮಲಗುತ್ತಾಳೆ. ಹತ್ತು, ಹನ್ನೊಂದು, ಹನ್ನೆರಡು ಗಂಟೆಯಾದರೂ ನಿದ್ದೆಯಿಲ್ಲ. ಡಬ್ಬಿ ಕೆಟ್ಟೀತೆಂದು ಕೈ ಅಲ್ಲಾಡಿಸದೆ ಸುಮ್ಮನೆ ಬಿದ್ದಿದ್ದಾಳೆ. ಬೆಳಗಿನ ಐದೂವರೆಯವರೆಗೆ ಎಲ್ಲ ಕೂಡಿಸಿದರೆ ಮೂರು ಗಂಟೆ ನಿದ್ದೆ ಆಗಿದ್ದೀತು. ಬೆಳಿಗ್ಗೆ ಮಗ ಸಿಗ್ನಲ್ ಸಿಗುವ ಮೂಲೆ ಹುಡುಕಿ ದಾಖಲೆ ಕಳಿಸುತ್ತಾನೆ.

ಈಗ ಲೆಕ್ಕ. ಅಪ್ನಿಯಾದ ತೀವ್ರತೆಯನ್ನು ಗಂಟೆಗೆ ಎಷ್ಟು ಸಲ ಉಸಿರು ಕಟ್ಟಿತು ಅಥವಾ ಕುಗ್ಗಿತು ಎಂಬುದರ ಮೇಲೆ ಹೇಳುತ್ತಾರೆ. ಐದಕ್ಕಿಂತ ಕಡಿಮೆಯಾದರೆ ಸಾಮಾನ್ಯ, 15ರವರೆಗೆ ಸೌಮ್ಯ, 30ರವರೆಗೆ ಮಧ್ಯಮ, ಆಮೇಲೆ ತೀವ್ರ. ಆ ರಾತ್ರಿ ಅವ್ವನಿಗೆ 39 ಸಲ ಉಸಿರು ಕಟ್ಟಿತು ಎಂದಿಟ್ಟುಕೊಳ್ಳಿ. ಅವಳು ಕಟ್ಟಿಕೊಂಡದ್ದು ಬೆಲ್ಟು ಕೊಳವೆಗಳ ಕಿಟ್ ಆಗಿದ್ದರೆ, ಅದಕ್ಕೆ ಮಿದುಳಿನ ಅಲೆ ಗೊತ್ತಿಲ್ಲ, ಹಾಗಾಗಿ ನಿದ್ದೆ ಯಾವುದು, ಎಚ್ಚರ ಯಾವುದು ಎಂದೂ ಗೊತ್ತಿಲ್ಲ. ಅದು ಯಂತ್ರ ಓಡಿದ ಎಂಟು ಗಂಟೆಯಿಂದ ಭಾಗಿಸುತ್ತದೆ: 4.9. ವರದಿಯಲ್ಲಿ 'ನಾರ್ಮಲ್'. ಅವ್ವ ನಿಜವಾಗಿ ನಿದ್ದೆ ಮಾಡಿದ ಮೂರು ಗಂಟೆಯಿಂದ ಭಾಗಿಸಿದರೆ 13. ಐದು ದಾಟಿ, ಜೊತೆಗೆ ನಿದ್ದೆ ಬಾರದ ತೊಂದರೆಯೂ ಇದ್ದರೆ ಅದು ಕಾಯಿಲೆಯೇ ಎನ್ನುತ್ತದೆ ಅಂತರರಾಷ್ಟ್ರೀಯ ವರ್ಗೀಕರಣ. ಉಸಿರು ಕಟ್ಟಿದ್ದು ಅಷ್ಟೇ ಸಲ, ರಾತ್ರಿಯೂ ಅದೇ. ಇಷ್ಟರ ಮೇಲೆ, ಆಮ್ಲಜನಕ ಹೆಚ್ಚು ಇಳಿಯದೆ ಬರೀ ಎಚ್ಚರದಲ್ಲಿ ಮುಗಿಯುವ ತೊಡಕುಗಳನ್ನು ಈ ಕಿಟ್ ಎಣಿಸುವುದೇ ಇಲ್ಲ. ನಿದ್ದೆ ತೆಳುವಾದವರಲ್ಲಿ ಅಂಥವೇ ಹೆಚ್ಚು.

ವಾಚಿನ ಮಾದರಿಯದು ನಿದ್ದೆಯ ಹೊತ್ತನ್ನು ಅಂದಾಜು ಮಾಡುತ್ತದೆ, ಅಷ್ಟರ ಮಟ್ಟಿಗೆ ವಾಸಿ. ಕೈ ಅಲುಗಾಟ ಮತ್ತು ನಾಡಿ ಅದರ ಆಧಾರ. ಆದರೆ ನಿದ್ದೆ ಬಾರದವರು ಎಷ್ಟೋ ಸಲ ಅವ್ವನ ಹಾಗೆ ಅಲುಗಾಡದೆ ಬಿದ್ದಿರುತ್ತಾರೆ. ಅಲುಗಾಡದಿರುವುದನ್ನು ಯಂತ್ರ ನಿದ್ದೆಯ ಖಾತೆಗೆ ಬರೆಯಬಹುದು. ಮತ್ತೆ ಭಾಗಾಕಾರ ತಪ್ಪಿತು.

ಇದು ನನ್ನೊಬ್ಬನ ಅನುಮಾನವಲ್ಲ. ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2017ರ ಮಾರ್ಗಸೂಚಿಯಲ್ಲಿ ಮನೆ ಪರೀಕ್ಷೆ ಯಾರಿಗೆ ಸಲ್ಲದು ಎಂದು ಪಟ್ಟಿ ಕೊಟ್ಟಿದೆ. ಗಂಭೀರ ಹೃದ್ರೋಗ ಅಥವಾ ಶ್ವಾಸಕೋಶದ ಕಾಯಿಲೆ, ಪಾರ್ಶ್ವವಾಯು ಆದವರು, ಓಪಿಯಾಯ್ಡ್ ನೋವಿನ ಔಷಧ ತಿನ್ನುವವರು ಅದರಲ್ಲಿದ್ದಾರೆ. ತೀವ್ರ ನಿದ್ರಾಹೀನತೆಯವರೂ ಇದ್ದಾರೆ. ಮನೆ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೆ ಲ್ಯಾಬಿಗೆ ಕಳಿಸಿ ಎಂದೂ ಅದೇ ಹೇಳುತ್ತದೆ.

ಅಂಗಡಿಯಲ್ಲಿ ಸಿಗುವ ಸ್ಮಾರ್ಟ್‌ವಾಚ್‌ಗಳೂ ಈ ಆಟಕ್ಕೆ ಇಳಿದಿವೆ. 2024ರಲ್ಲಿ ಅಮೆರಿಕದ ಎಫ್‌ಡಿಎ ಸ್ಯಾಮ್ಸಂಗ್‌ಗೂ ಆಪಲ್‌ಗೂ ಅಪ್ನಿಯಾದ ಎಚ್ಚರಿಕೆ ಕೊಡಲು ಒಪ್ಪಿಗೆ ನೀಡಿತು. ಸ್ಯಾಮ್ಸಂಗ್ ಆಮ್ಲಜನಕದ ಏರಿಳಿತ ನೋಡುತ್ತದೆ. ಆಪಲ್ ಆಮ್ಲಜನಕ ಬಿಟ್ಟು ಮಣಿಕಟ್ಟಿನ ಸೂಕ್ಷ್ಮ ಅಲುಗಾಟವನ್ನು ಮೂವತ್ತು ದಿನ ಓದುತ್ತದೆ. ಆಪಲ್ ತಾನೇ ಪ್ರಕಟಿಸಿದ ಅಂಕಿ ನೋಡಿದರೆ, ಕಾಯಿಲೆಯಿಲ್ಲದವರನ್ನು ಅದು ಸುಮ್ಮನೆ ಹೆದರಿಸುವುದು ತೀರ ಅಪರೂಪ. ಆದರೆ ಮಧ್ಯಮ ಪ್ರಮಾಣದ ಅಪ್ನಿಯಾ ಇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅದರ ಕಣ್ತಪ್ಪಿಸಿಕೊಳ್ಳುತ್ತಾರೆ. ಈ ಸಾಧನಗಳು 'ಇದೆ' ಎಂದರೆ ನಂಬಬಹುದು, 'ಇಲ್ಲ' ಎಂದರೆ ನಂಬಬಾರದು. ನಿದ್ದೆ ಬಾರದವರಂತೂ ಎರಡನೆಯದನ್ನು ಕಿವಿಗೇ ಹಾಕಿಕೊಳ್ಳಬಾರದು.

ಹಾಗಾದರೆ ರಾಮಾಪುರಕ್ಕೆ ಮನೆ ಪರೀಕ್ಷೆ ಬೇಡವೇ? ಬೇಕು ಎಂದೇ ನನ್ನ ವಾದ, ಏಕೆಂದರೆ ಇಲ್ಲಿಗೆ ಬರಬಹುದಾದ ಪರೀಕ್ಷೆ ಅದೊಂದೇ. ಮಾರ್ಗಸೂಚಿ ಬರೆದವರ ಊರಿನಲ್ಲಿ ಲ್ಯಾಬು ಕೂಗಳತೆಯಲ್ಲಿರುತ್ತದೆ. ಇಲ್ಲಿ ಪ್ರಶ್ನೆ ಇರುವುದು ಒರಟು ಪರೀಕ್ಷೆಗೂ ಪರೀಕ್ಷೆಯೇ ಇಲ್ಲದಿರುವುದಕ್ಕೂ ನಡುವೆ. ಒರಟಾದದ್ದನ್ನು ಅದರ ಕುಂದು ತಿಳಿದು ಬಳಸಿದರಾಯಿತು. ಕಿಟ್ಟಿನ ಜೊತೆಗೆ ಒಂದು ಹಾಳೆ ಕೊಡಿ. ಮಲಗಿದ್ದು, ನಿದ್ದೆ ಹತ್ತಿದ್ದು, ಎದ್ದದ್ದು ಎಲ್ಲ ಅಂದಾಜಿನಲ್ಲಿ ಗುರುತು ಹಾಕಲಿ. ವರದಿ ಓದುವ ಡಾಕ್ಟರು ಆ ಹಾಳೆಯ ಹೊತ್ತಿನಿಂದ ಇನ್ನೊಮ್ಮೆ ಭಾಗಿಸಿ ನೋಡಲಿ. ಒಂದು ರಾತ್ರಿಯ ಬದಲು ಮೂರು ನಾಲ್ಕು ರಾತ್ರಿ ಕಟ್ಟಿಸಲಿ, ನಿದ್ದೆಯಿಲ್ಲದವರ ಒಂದು ರಾತ್ರಿ ಇನ್ನೊಂದರಂತೆ ಇರುವುದಿಲ್ಲ.

ಇದಕ್ಕೆ ಪಕ್ಕದ ಯಳಂದೂರಿನಲ್ಲೇ ಒಂದು ಮಾದರಿಯಿದೆ. 1990ರ ದಶಕದಲ್ಲಿ ಬೆಂಗಳೂರಿನ ನರರೋಗ ತಜ್ಞ ಕೆ.ಎಸ್. ಮಣಿ ಮತ್ತವರ ತಂಡ ಆ ತಾಲ್ಲೂಕಿನಲ್ಲಿ ಮನೆಮನೆ ಸುತ್ತಿ ಮೂರ್ಛೆರೋಗ ಇದ್ದವರನ್ನು ಹುಡುಕಿತು. ಅಗ್ಗದ ಫಿನೋಬಾರ್ಬಿಟೋನ್, ಫೆನಿಟಾಯಿನ್ ಮಾತ್ರೆಗಳಿಂದಲೇ ಹಳ್ಳಿಯಲ್ಲಿ ಫಿಟ್ಸ್ ಹತೋಟಿಗೆ ತರಬಹುದು ಎಂದು ತೋರಿಸಿದ ಅವರ ವರದಿ 2001ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂತು. ಮೂರ್ಛೆರೋಗದಲ್ಲಿ ಯಂತ್ರಕ್ಕಿಂತ ಮೊದಲ ಸಾಕ್ಷಿ ಕಂಡವರ ಮಾತು: ಹೇಗೆ ಬಿದ್ದ, ಎಷ್ಟು ಹೊತ್ತು, ಬಾಯಲ್ಲಿ ನೊರೆ ಬಂತೇ. ಅಪ್ನಿಯಾಕ್ಕೂ ಹಾಗೇ ಸಾಕ್ಷಿ ಬೇಕು. ಗೊರಕೆ ನಡುವೆ ನಿಂತುಹೋಗಿ ಆಮೇಲೆ ಉಸಿರು ಎಳೆದುಕೊಂಡದ್ದನ್ನು ಪಕ್ಕದಲ್ಲಿ ಮಲಗಿದವರೇ ಹೇಳಬೇಕು. ಬಿಪಿ, ಶುಗರ್ ಕೇಳಲು ಬರುವ ಆಶಾ ಕಾರ್ಯಕರ್ತೆ ಗೊರಕೆ ಇದೆಯೇ, ಅದು ನಡುವೆ ನಿಲ್ಲುತ್ತದೆಯೇ ಎಂಬ ಎರಡು ಪ್ರಶ್ನೆಯನ್ನೂ ಸೇರಿಸಿಕೊಂಡರೆ ಖರ್ಚು ಏನೂ ಇಲ್ಲ. ಗಂಡ ತೀರಿಕೊಂಡ, ಮಕ್ಕಳು ತಿರುಪ್ಪೂರಿಗೋ ಬೆಂಗಳೂರಿಗೋ ಹೋದ ಮನೆಗಳಲ್ಲಿ ಮಾತ್ರ ಪಕ್ಕದಲ್ಲಿ ಮಲಗುವ ಸಾಕ್ಷಿಯಿಲ್ಲ. ಬೆರಳಿನ ಟೊಪ್ಪಿ ಮೊದಲು ಅಂಥವರಿಗೆ ಸಿಗಬೇಕು.

ಬೆರಳಿಗೆ ಕ್ಲಿಪ್ಪು ಹಾಕಿ ಆಮ್ಲಜನಕ ನೋಡುವುದನ್ನು ಈ ಜಿಲ್ಲೆಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. 2021ರ ಮೇ ತಿಂಗಳ ಆರಂಭದಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕವಿಲ್ಲದೆ ಜನ ಸತ್ತ ರಾತ್ರಿಯ ಬಳಿಕ, ತೊಂಬತ್ತೈದು, ತೊಂಬತ್ತು, ಎಂಬತ್ತೈದು ಎಂಬ ಅಂಕಿಗಳ ಅರ್ಥ ಓದು ಬರದವರಿಗೂ ಗೊತ್ತಾಯಿತು. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್‌ಗಳು ಎಷ್ಟೋ ಮನೆಯ ಗೂಡುಗಳಲ್ಲಿ ಬ್ಯಾಟರಿ ಸತ್ತು ಬಿದ್ದಿವೆ. ಅವು ಆ ಕ್ಷಣದ ಅಂಕಿ ತೋರಿಸುತ್ತವೆ, ರಾತ್ರಿಯ ದಾಖಲೆ ಇಡುವುದಿಲ್ಲ; ಹಗಲು 98 ತೋರಿಸಿತೆಂದು ಅಪ್ನಿಯಾ ಇಲ್ಲ ಎಂದುಕೊಳ್ಳಬೇಡಿ.

ಕಾಯಿಲೆ ಇದೆ ಎಂದಾದರೆ ಮುಂದೇನು? ಸಿಡ್ನಿಯ ಕಾಲಿನ್ ಸಲ್ಲಿವನ್ 1981ರಲ್ಲಿ ಜಗತ್ತಿಗೆ ತೋರಿಸಿದ ಸಿ-ಪ್ಯಾಪ್ ಯಂತ್ರ ಇಂದಿಗೂ ಮೊದಲ ಮದ್ದು. ಮೂಗಿಗೆ ಮಾಸ್ಕ್, ಅದರೊಳಗೆ ಒತ್ತಿ ಬರುವ ಗಾಳಿ ಗಂಟಲು ಮುಚ್ಚದಂತೆ ತಡೆಯುತ್ತದೆ. ಬೆಲೆ ಹತ್ತಾರು ಸಾವಿರ. ಇಡೀ ರಾತ್ರಿ ಕರೆಂಟು ಬೇಕು ಎಂಬುದು ನಮ್ಮ ಕಡೆಯ ಇನ್ನೊಂದು ಷರತ್ತು. ಹತ್ತು ನಿಮಿಷಕ್ಕೆ ನಿದ್ದೆ ಹೋಗುವ ಗಂಡಸಿಗೆ ಮಾಸ್ಕ್ ಅಷ್ಟು ಹಿಂಸೆಯಲ್ಲ. ನಿದ್ದೆ ಹತ್ತುವ ಮುನ್ನ ಮೂರು ಗಂಟೆ ಎಚ್ಚರವಾಗಿ ಬಿದ್ದಿರುವ ಅವ್ವನಿಗೆ ಅದು ಮೂರು ಗಂಟೆಯ ಹಿಂಸೆ, ವಾರಕ್ಕೇ ಮೂಲೆ ಸೇರುತ್ತದೆ. ಆಸ್ಟ್ರೇಲಿಯಾದಲ್ಲಿ ಎರಡೂ ತೊಂದರೆ ಇರುವ 145 ಜನರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸರದಿ ಬದಲಿಸಿ ನೋಡಿದರು. ಮೊದಲು ನಿದ್ರಾಹೀನತೆಗೆ ನಡವಳಿಕೆಯ ಚಿಕಿತ್ಸೆ. ಏಳುವ ಹೊತ್ತನ್ನು ಗಟ್ಟಿ ಮಾಡುವುದು, ನಿದ್ದೆ ಬಾರದಿದ್ದರೆ ಹಾಸಿಗೆ ಬಿಟ್ಟೇಳುವುದು, ಹಾಸಿಗೆಯಲ್ಲಿ ಬಿದ್ದಿರುವ ಗಂಟೆಗಳನ್ನು ಕಡಿಮೆ ಮಾಡುವುದು. ಆಮೇಲೆ ಯಂತ್ರ. ಹಾಗೆ ಮಾಡಿದವರು ಯಂತ್ರವನ್ನು ರಾತ್ರಿಗೆ ಸುಮಾರು ಒಂದು ಗಂಟೆ ಹೆಚ್ಚು ಬಳಸಿದರು. ಘಾಟಿಯಲ್ಲಿ ಬಸ್ಸು, ಟೆಂಪೋ ಓಡಿಸುವವರು ಮಾತ್ರ ಹಾಸಿಗೆಯ ಗಂಟೆ ಕಡಿತವನ್ನು ಡಾಕ್ಟರ ಕಣ್ಗಾವಲಿಲ್ಲದೆ ಶುರುಮಾಡಬಾರದು, ಮೊದಲ ವಾರಗಳಲ್ಲಿ ಹಗಲು ತೂಕಡಿಕೆ ಹೆಚ್ಚಾಗುತ್ತದೆ.

ಯಂತ್ರ ಕೈಗೆಟುಕದವರಿಗೆ ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ಸಂಜೆಯ ಕುಡಿತ ಬಿಡುವುದು ಇದ್ದೇ ಇದೆ. ಗಂಟಲಿನ ವ್ಯಾಯಾಮವೂ ಕೆಲವರಿಗೆ ಕೈಹಿಡಿದಿದೆ. ಜೈಪುರದ ವೈದ್ಯರು 30 ರೋಗಿಗಳ ಮೇಲೆ ಮಾಡಿದ ಒಂದು ಪ್ರಯೋಗದ ವರದಿ 2025ರಲ್ಲಿ ಬಂತು. ಆರು ತಿಂಗಳು, ವಾರಕ್ಕೆ ಐದು ದಿನ, ದಿನಕ್ಕೆ ಕಾಲು ಗಂಟೆ ಶಂಖ ಊದಿದವರಲ್ಲಿ ಗಂಟೆಗೆ ನಾಲ್ಕೈದು ಸಲ ಉಸಿರು ಕಟ್ಟುವುದು ಕಡಿಮೆಯಾಗಿತ್ತು, ಹಗಲಿನ ತೂಕಡಿಕೆಯೂ ಇಳಿದಿತ್ತು. ಮೂವತ್ತೇ ಜನ, ಲಾಭವೂ ಸಾಧಾರಣ. ಸಿ-ಪ್ಯಾಪ್ ಬಿಟ್ಟು ಶಂಖ ಹಿಡಿಯಿರಿ ಎಂದು ಯಾರೂ ಹೇಳುತ್ತಿಲ್ಲ. ಆದರೂ ಬಿಳಿಗಿರಿರಂಗನ ಒಕ್ಕಲಿನ ದಾಸಯ್ಯಗಳು ನಮ್ಮ ಊರುಗಳಲ್ಲಿ ತಲೆತಲಾಂತರದಿಂದ ಶಂಖ ಊದಿಕೊಂಡು ಬಂದಿದ್ದಾರೆ. ಅವರಲ್ಲಿ ಒಂದಿಪ್ಪತ್ತು ಜನರ ಬೆರಳಿಗೆ ಒಂದು ರಾತ್ರಿ ಈ ಟೊಪ್ಪಿ ಹಾಕಿಸಿ ನೋಡುವ ಆಸೆ ನನಗಂತೂ ಇದೆ. ಒಳ್ಳೆಯ ನಿದ್ದೆ ಬರುವವರೇ ಸಿಕ್ಕರೆ ಭಾಗಾಕಾರದ ತಾಪತ್ರಯವೂ ಇರುವುದಿಲ್ಲ.